ತಳ್ಳಿದರೆ ಬೀಳುವವರು

ಸಭಾಭವನದ ಹಿಂಗೋಡೆಗೆ ಎರಡು ನೀಲಿ ಮ್ಯಾಟುಗಳನ್ನು ಒರಗಿಸಿ ನಿಲ್ಲಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಎಲ್ಲರಿಗಿಂತ ಕಿರಿಯಳು, ಎಲ್ಲರಿಗಿಂತ ಕೊನೆಗೆ ಸೇರಿದವಳು. ಆದ್ದರಿಂದ ಎಲ್ಲರಿಗಿಂತ ಮೊದಲು ಬಂದು, ಸೀಮೆಎಣ್ಣೆಯ ಹೀಟರ್ ಹಚ್ಚಿ, ಉಗ್ರಾಣದಿಂದ ಮ್ಯಾಟು ಎಳೆದು ತರಬೇಕು. ಸೆನ್ಸೆ, ಅಂದರೆ ನಮ್ಮ ಮೇಷ್ಟ್ರು, ತಳ್ಳಿದಾಗ ಜನ ಹೋಗಿ ಬಡಿಯುತ್ತಿದ್ದುದು ಆ ಮ್ಯಾಟಿಗೆ. ಮೊದಲ ಶನಿವಾರ ಅದನ್ನು ನೋಡಿ ನಾನು ಬಾಯಿ ತೆರೆದು ನಿಂತಿದ್ದೆ. ನನ್ನ ಭುಜದ ಎತ್ತರಕ್ಕೆ ಬರುವ, ಎಂಬತ್ತರ ಹತ್ತಿರದ ಮುದುಕರು. ಎದುರಿನವರ ಮುಂಗೈಗಳ ಮೇಲೆ ತಮ್ಮ ಎರಡು ಅಂಗೈ ಇಟ್ಟು ‘ಹೂಂ’ ಎಂದು ಉಸಿರು ಬಿಟ್ಟರೆ, ಅಂಚೆ ಕಚೇರಿಯಿಂದ ನಿವೃತ್ತರಾದ ದೊಡ್ಡ ಮೈಯ ಗಂಡಸು ನಾಲ್ಕು ಹೆಜ್ಜೆ ಹಿಂದಕ್ಕೆ ಓಡಿಹೋಗಿ ಧಡ್ ಎಂದು ಗೋಡೆಗೆ ಬೀಳುತ್ತಿದ್ದರು. ಎದ್ದು ಬಂದು ನಡು ಬಗ್ಗಿಸಿ ‘ಅರಿಗಾತೋ’ ಎಂದು ಧನ್ಯವಾದ ಹೇಳುತ್ತಿದ್ದರು.

ನಾನು ಜಪಾನಿನ ನೋಮಿಗೆ ಬಂದದ್ದು ಪಿಎಚ್‌.ಡಿ. ಮಾಡಲು. ಗುಡ್ಡದ ಮೇಲೆ ವಿಶ್ವವಿದ್ಯಾಲಯ, ಕೆಳಗೆ ಊರು. ಲೋಹದ ಮೇಲೆ ಬಳಿದ ಲೇಪನವನ್ನು ಯಂತ್ರಕ್ಕೆ ಕಚ್ಚಿಸಿ, ಎಷ್ಟು ಬಲಕ್ಕೆ ಕಿತ್ತು ಬರುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕೀಳುವುದು, ಬರೆಯುವುದು; ಕೀಳುವುದು, ಬರೆಯುವುದು. ಆ ಅಭ್ಯಾಸ ಲ್ಯಾಬಿನಿಂದ ಹೊರಗೂ ನನ್ನ ಜೊತೆ ಬರುತ್ತಿತ್ತು. ಶನಿವಾರ ರೂಮಿಗೆ ಬಂದ ಕೂಡಲೇ ಡೈರಿಯಲ್ಲಿ ತಾರೀಖು ಹಾಕಿ, ಎಷ್ಟು ಜನ ಬಂದಿದ್ದರು, ಎಷ್ಟು ನಿಮಿಷ ನಿಂತೆವು, ಸೆನ್ಸೆ ನನ್ನನ್ನು ಎಷ್ಟು ಸಲ ಮುಟ್ಟಿ ತಿದ್ದಿದರು ಎಂದು ಬರೆದಿಡುತ್ತಿದ್ದೆ.

ಮುಟ್ಟಿ ತಿದ್ದುವುದನ್ನು ಲೆಕ್ಕವಿಡಲು ಕಾರಣವಿದೆ. ಸೆನ್ಸೆ ಕಲಿಸುತ್ತಿದ್ದುದು ಚೀನಾದ ‘ಒಳಗಿನ’ ಸಮರವಿದ್ಯೆ. ಪಾರ್ಕುಗಳಲ್ಲಿ ವಯಸ್ಸಾದವರು ನಿಧಾನವಾಗಿ ಕೈ ಬೀಸುತ್ತಾರಲ್ಲ, ತಾಯ್ ಚಿ, ಅದು ಇದರ ಹೊರಗೆ ಕಾಣುವ ಮುಖ. ಒಳಗೆ ನಡೆಯುವುದು ಬೇರೆ. ತೋಳಿನ ಬಲ ಬಳಸಬಾರದು. ಮೈ ಪೂರ್ತಿ ಸಡಿಲ ಬಿಟ್ಟು, ಅಂಗಾಲಿನಿಂದ ಎದ್ದ ಬಲವನ್ನು ಬೆನ್ನಿನ ಮೂಲಕ ಅಂಗೈಗೆ ಕಳಿಸಬೇಕು. ಇದನ್ನು ಹೇಳಿ ತಿಳಿಸಲಾಗುವುದಿಲ್ಲ. ಮರವನ್ನು ತಬ್ಬಿದ ಹಾಗೆ ಕೈ ಎತ್ತಿ ಅಲುಗದೆ ನಿಂತಿರುವಾಗ ಸೆನ್ಸೆ ಹಿಂದಿನಿಂದ ಬಂದು ಸೊಂಟದ ಕೆಳಗೆ ಎರಡು ಬೆರಳು ಇಡುತ್ತಿದ್ದರು. ಅಷ್ಟೇ. ಬೆನ್ನಿನಲ್ಲಿ ಎಲ್ಲೋ ಗಂಟು ಬಿಚ್ಚಿ, ಮೈತೂಕ ಸರ್ರನೆ ಹಿಮ್ಮಡಿಗೆ ಇಳಿಯುತ್ತಿತ್ತು. ಹಾಗೆ ಇಳಿದು ನಿಂತವರನ್ನು ಬೇರೆಯವರಿಂದ ಅಲುಗಿಸಲಾಗದಿದ್ದರೆ ಅವರಿಗೆ ‘ಬೇರು ಬಂದಿದೆ’ ಎನ್ನುತ್ತಾರೆ. ಬೇರು ಬಂದವರನ್ನೂ ಕಿತ್ತು ಕಳಿಸಬಲ್ಲವರು ಮೇಷ್ಟ್ರು.

ಹರೆಯದಲ್ಲಿ ಸೆನ್ಸೆ ಕೋಬೆಯಲ್ಲಿ ಮೆಕ್ಯಾನಿಕ್ ಆಗಿದ್ದರಂತೆ. ಬಂದರಿನ ಹತ್ತಿರ ದರ್ಜಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಚೀನೀ ಮುದುಕರ ಬಳಿ ಹದಿನಾಲ್ಕು ವರ್ಷ ಕಲಿತು, ಊರಿಗೆ ಹಿಂತಿರುಗಿ, ಹಗಲು ನೇಯ್ಗೆ ಕಾರ್ಖಾನೆಯ ಯಂತ್ರ ರಿಪೇರಿ, ಬಿಡುವಿನಲ್ಲಿ ಈ ಸಭಾಭವನದಲ್ಲಿ ಪಾಠ. ನಲವತ್ತು ವರ್ಷಕ್ಕೂ ಮೇಲಾಗಿತ್ತು. ಮದುವೆಯಾಗಿರಲಿಲ್ಲ. ಕಾರ್ಖಾನೆ ಮುಚ್ಚಿತು, ಪಾಠ ಮುಚ್ಚಲಿಲ್ಲ.

ವರ್ಷಕ್ಕೊಮ್ಮೆ, ಹೊಸ ವರ್ಷದ ಮೊದಲ ಅಭ್ಯಾಸದ ದಿನ, ಅವರು ಪ್ರತಿಯೊಬ್ಬರನ್ನೂ ಒಂದೊಂದು ಸಲ ತಳ್ಳುವ ಪದ್ಧತಿಯಿತ್ತು. ಬೇರೆ ದಿನ ಯಾರನ್ನು ಬೇಕಾದರೂ ಬಿಡಬಹುದು. ಆ ದಿನ ಯಾರನ್ನೂ ಬಿಡುವಂತಿಲ್ಲ. ತಳ್ಳುವ ಮೊದಲು ಒಂದು ಕಥೆ ಹೇಳುತ್ತಿದ್ದರು. ಎಲ್ಲರಿಗೂ ಬಾಯಿಪಾಠವಾದ ಕಥೆ.

“ಕೋಬೆಯ ನನ್ನ ಗುರುಗಳಿಗೆ ವಯಸ್ಸಾಗಿತ್ತು. ಒಂದು ದಿನ ಹಡಗಿನ ಕೆಲಸಗಾರನೊಬ್ಬ ಹೊಸದಾಗಿ ಸೇರಿದ. ಗುರುಗಳು ತಳ್ಳಿದ್ರು. ಅಲುಗಲಿಲ್ಲ. ಇನ್ನೊಂದು ಸಲ ತಳ್ಳಿದ್ರು. ಅಲುಗಲಿಲ್ಲ. ಗುರುಗಳು ಗೂಟದಿಂದ ಕೋಟು ತೆಗೆದು ಹಾಕ್ಕೊಂಡ್ರು. ಕೋಣೆಯ ಬೀಗದಕೈ ಹಿರಿಯ ಶಿಷ್ಯನ ಕೈಯಲ್ಲಿಟ್ಟು ಮೆಟ್ಟಿಲು ಇಳಿದು ಹೋದ್ರು. ಮತ್ತೆ ಯಾರ ಮೇಲೂ ಕೈ ಇಡಲಿಲ್ಲ.” ಆಮೇಲೆ, “ತಳ್ಳೋಕೆ ಆಗದ ದಿನ ಮೇಷ್ಟ್ರು ಕೋಟು ಹಾಕ್ಕೋಬೇಕು. ನಾನೂ ಅಷ್ಟೇ,” ಎನ್ನುತ್ತಿದ್ದರು.

ಸೇರಿದ ನಾಲ್ಕು ತಿಂಗಳಿಗೆ ನನ್ನ ಮೊದಲ ಹೊಸ ವರ್ಷ ಬಂತು. ಕಥೆ ಕೇಳಿದೆ, ಸಾಲಿನಲ್ಲಿ ಕೊನೆಗೆ ನಿಂತೆ, ಸೆನ್ಸೆ ಉಸಿರು ಬಿಟ್ಟರು, ನಾನು ಎರಡು ಹೆಜ್ಜೆ ಹಿಂದೆ ಹೋದೆ. ಆ ಸಂಜೆ ಡೈರಿಯಲ್ಲಿ ‘ಎರಡು ಹೆಜ್ಜೆ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅವರು ತಳ್ಳಿದ್ದರಿಂದ ಹೋದೆನೋ, ಉಳಿದವರೆಲ್ಲ ಹೋದದ್ದನ್ನು ನೋಡಿ ಹೋದೆನೋ, ನನಗೇ ತಿಳಿಯಲಿಲ್ಲ.

ಮುಂದಿನ ವಾರ ಚಪ್ಪಲಿ ಗೂಡಿನ ಹತ್ತಿರ ಅದು ತಿಳಿಯಿತು. ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಶಿಷ್ಯೆ ಒಬ್ಬ ಹೆಂಗಸು. ಅರವತ್ತೈದು ದಾಟಿತ್ತು, ಈ ಭಾಗದ ಪಿಂಗಾಣಿ ಬಟ್ಟಲುಗಳ ಅಂಚಿಗೆ ಕೂದಲೆಳೆಯಂಥ ಗೆರೆ ಎಳೆಯುವುದು ಅವರ ಕಸುಬು. ಡೈರಿಯಲ್ಲಿ ನಾನು ಅವರನ್ನು ಹಿರಿಯಕ್ಕ ಎಂದು ಕರೆಯುತ್ತಿದ್ದೆ. ಅವರೆಲ್ಲರ ನಾಲಿಗೆ ನನ್ನ ಹೆಸರಿಗೆ ಹೊರಳದೆ ನಾನು ‘ಇಂದೋ-ಸಾನ್’ ಆಗಿದ್ದೆ, ಇಂಡಿಯಾದವಳು ಎನ್ನುವ ಹಾಗೆ. ಹಿರಿಯಕ್ಕ ಬೂಟಿನ ದಾರ ಕಟ್ಟುತ್ತಾ, ತಲೆಯೆತ್ತದೆ ಹೇಳಿದರು:

“ಇಂದೋ-ಸಾನ್, ಹೋಗುವಾಗ ಎಡಗಾಲು ಮೊದಲು ಇಡು. ಬಲಗಾಲು ಮೊದಲಿಟ್ರೆ ಮ್ಯಾಟು ತಪ್ಪಿ ಗೋಡೆಗೆ ಬಡಿತೀಯ.”

“ಎಲ್ಲಿಗೆ ಹೋಗುವಾಗ?”

“ಸೆನ್ಸೆ ಉಸಿರು ಬಿಟ್ಟಾಗ. ನೀನು ಎರಡೇ ಹೆಜ್ಜೆಗೆ ನಿಂತುಬಿಟ್ಟೆ. ನಿನ್ನ ತೂಕಕ್ಕೆ ಮೂರು ಸರಿ. ಅಂಚೆಯವರದು ನಾಲ್ಕು, ಅವರಿಗೆ ಸ್ವಲ್ಪ ನಾಟಕ ಜಾಸ್ತಿ.”

ಪಕ್ಕದಲ್ಲೇ ಟೋಪಿ ಹಾಕಿಕೊಳ್ಳುತ್ತಿದ್ದ ಅಂಚೆಯವರು ನಕ್ಕರು. “ಅಷ್ಟು ದೊಡ್ಡ ಮೈ ಎರಡೇ ಹೆಜ್ಜೆ ಹೋದ್ರೆ ಚೆನ್ನಾಗಿರುತ್ತಾ? ಸೆನ್ಸೆಗೆ ಅವಮಾನ.”

ಹಿರಿಯಕ್ಕ ನಿಧಾನವಾಗಿ ವಿವರಿಸಿದರು. ನಾನು ಸೇರುವುದಕ್ಕೆ ಕೆಲವು ವರ್ಷ ಮೊದಲು ಸೆನ್ಸೆಗೆ ಹೃದಯದ ಆಪರೇಷನ್ ಆಗಿತ್ತು. ಅದಕ್ಕೂ ಮುಂಚೆ ಯಾರೂ ಹೆಜ್ಜೆ ಎಣಿಸಬೇಕಿರಲಿಲ್ಲ. ಎಲ್ಲಿ ಬೀಳುತ್ತೇವೆ ಎನ್ನುವುದು ಅವರ ಕೈಯಲ್ಲಿತ್ತು. ಆಪರೇಷನ್ನಿನ ನಂತರ ಆ ಬಲ ಹೋಯಿತು. ತಿದ್ದುವ ಬೆರಳು ಹಾಗೇ ಇತ್ತು, ತಳ್ಳುವ ಬಲ ಇರಲಿಲ್ಲ. ಅದು ಅವರಿಗೆ ತಿಳಿದರೆ ಕೋಟು ಹಾಕಿಕೊಳ್ಳುತ್ತಾರೆ. ಕೋಟು ಹಾಕಿಕೊಂಡರೆ ಮನೆಯಲ್ಲಿ ಅವರಿಗೆ ಯಾರಿದ್ದಾರೆ?

“ಯಾರೂ ಮಾತಾಡ್ಕೊಂಡು ಶುರು ಮಾಡಿದ್ದಲ್ಲ. ಎಲ್ಲರೂ ಅವರವರೇ ಬಿದ್ರು,” ಎಂದರು ಹಿರಿಯಕ್ಕ. “ಎಡಗಾಲು. ನೆನಪಿರಲಿ.”

ಆ ಸಂಜೆ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ. ನಮ್ಮ ಮನೆಯಲ್ಲೇನು ಕಡಿಮೆಯೇ? ಚೌಕಾಬಾರ ಆಡುವಾಗ ತಾತನ ಕಾಯಿಯನ್ನು ಯಾರೂ ಹೊಡೆಯುತ್ತಿರಲಿಲ್ಲ. ಹೊಡೆಯುವ ಗರ ಬಿದ್ದರೆ ಅಮ್ಮ ಕಣ್ಣು ಬಿಡುತ್ತಿದ್ದಳು. ನಾವು ಬೇರೆ ಕಾಯಿ ನಡೆಸುತ್ತಿದ್ದೆವು. ತಾತ ಸಾಯುವ ತನಕ ತಾನು ಊರಿಗೇ ದೊಡ್ಡ ಆಟಗಾರ ಎಂದುಕೊಂಡಿದ್ದ. ಆದರೆ ತಾತ ಆ ಆಟವನ್ನು ಯಾರಿಗೂ ವಿದ್ಯೆಯೆಂದು ಕಲಿಸುತ್ತಿರಲಿಲ್ಲ. ನಾನು ಸೆನ್ಸೆಯ ಬಳಿ ಹೋಗುತ್ತಿದ್ದುದು ಕಲಿಯಲು.

ಇಷ್ಟಾದರೂ ಬಿಡದೆ ಹೋಗುತ್ತಿದ್ದೆ. ಗುಡ್ಡದ ಮೇಲೆ ನನ್ನ ಪ್ರಬಂಧ ಮುಂದೆ ಹೋಗುತ್ತಿರಲಿಲ್ಲ. ಲೇಪನಗಳು ಒಂದು ದಿನ ಒಂದು ಸಂಖ್ಯೆ ಕೊಟ್ಟು ಮರುದಿನ ಇನ್ನೊಂದು ಕೊಡುತ್ತಿದ್ದವು. ವಾರದಲ್ಲಿ ಒಂದು ದಿನ, ಯಾರೋ ಒಬ್ಬರು ಎರಡು ಬೆರಳಿನಿಂದ ನನ್ನ ಬೆನ್ನಿನ ತಪ್ಪು ಎಲ್ಲಿದೆ ಎಂದು ನಿಖರವಾಗಿ ತೋರಿಸುತ್ತಿದ್ದರು. ಮುಟ್ಟಿದ್ದು ವಾರಕ್ಕೆ ಐದು ಸಲ, ಕೆಲವೊಮ್ಮೆ ಆರು. ಆ ಬೆರಳು ಸುಳ್ಳು ಹೇಳುತ್ತಿರಲಿಲ್ಲ.

ನಮ್ಮ ಲ್ಯಾಬಿನಲ್ಲಿ ಇನ್ನೊಬ್ಬ ಕನ್ನಡದವನಿದ್ದ, ಬೆಂಗಳೂರಿನವನು. ಶನಿವಾರ ನಾನು ಬ್ಯಾಗ್ ಹೆಗಲಿಗೇರಿಸಿದ ಕೂಡಲೇ ಶುರು ಮಾಡುತ್ತಿದ್ದ. “ಏನ್ ಮೇಡಂ, ಕುಂಗ್‌ಫೂ ಕ್ಲಾಸಾ? ಬರ್ತಾ ನಮ್ ಪ್ರೊಫೆಸರ್‌ನ ಒಂದ್ಸಲ ತಳ್ಳಿಬಿಡಿ. ನನ್ ಪೇಪರ್ ಮೇಲೆ ಮೂರ್ ವಾರದಿಂದ ಕೂತಿದ್ದಾರೆ, ಏಳ್ತಾನೇ ಇಲ್ಲ.”

ಪಾಠ ಮುಗಿದ ಮೇಲೆ ಸೆನ್ಸೆ ನನ್ನನ್ನು ತಮ್ಮ ಪುಟ್ಟ ಬಿಳಿ ಕಾರಿನಲ್ಲಿ ಗುಡ್ಡದ ಮೇಲಕ್ಕೆ ಬಿಡುತ್ತಿದ್ದರು. ಶನಿವಾರ ಬಸ್ಸು ಕಡಿಮೆ. ಪಾಠಕ್ಕೆ ಸೇರಿದ ಎರಡನೆಯ ವರ್ಷದ ನವೆಂಬರಿನಲ್ಲಿ, ಕಾರಿಗೆ ಚಳಿಗಾಲದ ಹೊಸ ಟೈರು ಹಾಕಿಸಿದ ವಾರ, ಕೊಂಬಿನಿ ಎನ್ನುವ ಇಪ್ಪತ್ನಾಲ್ಕು ಗಂಟೆಯ ಅಂಗಡಿಯ ಮುಂದೆ ನಿಲ್ಲಿಸಿ ನನಗೊಂದು ಬಿಸಿ ಕಾಫಿ ಡಬ್ಬಿ ತಂದುಕೊಟ್ಟರು. ತಾವು ಕುಡಿಯಲಿಲ್ಲ. ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಾ ಕೇಳಿದರು:

“ಇಂದೋ-ಸಾನ್, ನಿಮ್ಮ ದೇಶದಲ್ಲಿ ಮೇಷ್ಟ್ರಿಗೆ ಸುಳ್ಳು ಹೇಳ್ತಾರಾ?”

“ಹೇಳ್ತಾರೆ, ಸೆನ್ಸೆ.”

ಅವರು ಜೋರಾಗಿ ನಕ್ಕರು. ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. “ನೋಡು, ಇದನ್ನ ಇಲ್ಲಿ ಯಾರೂ ಹೀಗೆ ಹೇಳ್ತಿರಲಿಲ್ಲ. ಅದಕ್ಕೇ ನಿನ್ನನ್ನ ಕೇಳ್ತಿದ್ದೀನಿ. ಈ ಹೊಸ ವರ್ಷಕ್ಕೆ ನೀನು ಬೀಳಬೇಡ.”

ನನ್ನ ಕೈಯಲ್ಲಿದ್ದ ಡಬ್ಬಿ ಸುಡುತ್ತಿತ್ತು. “ಬೀಳಬೇಕು ಅಂತ ಬೀಳಲ್ಲ, ಸೆನ್ಸೆ,” ಎಂದೆ.

“ಹಾಗಲ್ಲ. ಬೀಳದೇ ಇರೋಕೆ ಪ್ರಯತ್ನ ಮಾಡು. ಗಟ್ಟಿಯಾಗಿ ನಿಲ್ಲು. ಉಳಿದವರೆಲ್ಲ ಒಳ್ಳೆಯವರು. ಒಳ್ಳೆಯವರಿಂದ ನನಗೆ ಏನೂ ಗೊತ್ತಾಗಲ್ಲ.”

“ನಾನು ಅಲುಗದೇ ಇದ್ರೆ?”

ಹಿಂದಿನ ಸೀಟಿನ ಕಡೆ ತಲೆಯಾಡಿಸಿದರು. ಅಲ್ಲಿ ಅವರ ಕಂದು ಬಣ್ಣದ ಕೋಟು ಮಡಿಸಿ ಇಟ್ಟಿತ್ತು. “ಕೋಟು ಹಾಕ್ಕೋತೀನಿ. ಇನ್ನೇನು?”

ಹಾಗೆ ಹೇಳುವಾಗ ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ. ಆ ದಿನ ನಾನು ಅವರನ್ನು ಪೂರ್ತಿ ನಂಬಿದೆ. ಅದಾದ ಮೇಲೆ ಏಳು ವಾರ ಅದನ್ನೇ ಯೋಚಿಸಿದೆ. ಅಲುಗಿದರೆ ಕೇಳಿದವರಿಗೆ ಮೋಸ. ಅಲುಗದಿದ್ದರೆ ನಲವತ್ತು ವರ್ಷದ ಪಾಠಕ್ಕೆ ನಾನು ಬೀಗ ಹಾಕಿದ ಹಾಗೆ. ಕೊನೆಗೆ, ಕೇಳಿದವರು ಅವರೇ ಅಲ್ಲವೇ ಎಂದುಕೊಂಡೆ. ಅವರ ಗುರುಗಳ ಹಾಗೆ ಘನತೆಯಿಂದ ಎದ್ದು ಹೋಗುವ ಹಕ್ಕು ಅವರಿಗೂ ಇದೆ. ಯಾರಾದರೂ ಆ ಹಡಗಿನವನಾಗಬೇಕಿತ್ತು.

ಜನವರಿಯ ಎರಡನೇ ಶನಿವಾರ ಹಿಮ ಮೊಣಕಾಲಿನವರೆಗೆ ಇತ್ತು. ನಾವು ಏಳು ಜನ. ನಾನು ಮ್ಯಾಟು ಒರಗಿಸಿದೆ. ಸೆನ್ಸೆ ಬಂದು ಕೋಟನ್ನು ಗೂಟಕ್ಕೆ ಹಾಕಿದರು. ಆ ವರ್ಷ ಕಥೆ ಹೇಳಲಿಲ್ಲ. ಯಾರೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಹೋಗಿ ಬಿದ್ದರು; ಅಂಚೆಯವರು ನಾಲ್ಕು, ಹಿರಿಯಕ್ಕ ಮೂರು. ಹಿರಿಯಕ್ಕ ಬೀಳುವಾಗ ಸದ್ದೇ ಆಗಲಿಲ್ಲ.

ಕೊನೆಗೆ ನಾನು. ಸೆನ್ಸೆ ನನ್ನ ಮುಂಗೈಗಳ ಮೇಲೆ ಅಂಗೈ ಇಟ್ಟರು. ಹಿಂಡಿ ಒಣಹಾಕಿದ ಟವೆಲಿನಷ್ಟು ತೂಕ. ಕಣ್ಣಿನಲ್ಲೇ ‘ನೆನಪಿದೆಯಲ್ಲ’ ಎಂದು ಕೇಳಿದರು. ನಾನು ತಲೆಯಾಡಿಸಿದೆ. ಉಸಿರು ಬಿಟ್ಟರು.

ಏನೂ ಆಗಲಿಲ್ಲ. ಗಟ್ಟಿಯಾಗಿ ನಿಲ್ಲುವ ಅಗತ್ಯವೂ ಬೀಳಲಿಲ್ಲ. ಬಸ್ಸಿನಲ್ಲಿ ಪಕ್ಕದವರ ಚೀಲ ತಾಗಿದರೆ ಇದಕ್ಕಿಂತ ಹೆಚ್ಚು ಅಲುಗುತ್ತೇವೆ. ಇನ್ನೊಮ್ಮೆ ಉಸಿರು ಎಳೆದು ಬಿಟ್ಟರು. ಆಗಲೂ ನಾನು ಅಲುಗಲಿಲ್ಲ. ಸೆನ್ಸೆ ಕೈ ಕೆಳಗಿಳಿಸಿ, ತಿರುಗಿ, ಗೂಟದಲ್ಲಿದ್ದ ಕೋಟನ್ನು ನೋಡಿದರು. ನನಗೆ ಅಳು ಬಂತು. ಅವರ ಕಾಲಿಗೆ ಬೀಳಬೇಕೆನಿಸಿತು, ನಮ್ಮ ಕಡೆಯ ಹಾಗೆ.

ಆಗ ಅವರು ಮತ್ತೆ ನಮ್ಮ ಕಡೆ ತಿರುಗಿದರು. ಮುಖ ಅರಳಿತ್ತು.

“ನೋಡಿದ್ರಾ? ಬೇರು!” ಎಂದರು. “ಒಂದೂವರೆ ವರ್ಷ ಆಗಿಲ್ಲ, ಬೇರು ಬಂದಿದೆ. ನನ್ನ ಕೈಯಿಂದಲೂ ಕೀಳೋಕೆ ಆಗಲಿಲ್ಲ. ನಲವತ್ತು ವರ್ಷ ಕಲಿಸಿದ್ದಕ್ಕೆ ಇದು ಸಾಕ್ಷಿ.”

ಅಂಚೆಯವರು “ಓಹೋ!” ಎಂದು ಮೊದಲು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಎಷ್ಟು ಹಗುರಾದರೆಂದರೆ, ಒಬ್ಬರು ನನ್ನ ಭುಜ ತಟ್ಟಿ ಕಣ್ಣೊರೆಸಿಕೊಂಡರು. ಹಿರಿಯಕ್ಕನೂ ತಟ್ಟಿದರು, ನೆಲ ನೋಡುತ್ತಾ. ನಾನು ನಡು ಬಗ್ಗಿಸಿ ‘ಅರಿಗಾತೋ’ ಎಂದೆ. ಬೇರೆ ಏನು ಹೇಳುವುದು? ಆ ಸಂಜೆ ಸೆನ್ಸೆ ನನ್ನನ್ನು ಕಾರಿನಲ್ಲಿ ಬಿಡಲಿಲ್ಲ. ಟೈರು ಸವೆದಿದೆ, ಹಿಮದಲ್ಲಿ ಗುಡ್ಡ ಹತ್ತುವುದಿಲ್ಲ, ಸುಮಿಮಾಸೆನ್, ಕ್ಷಮಿಸು, ಎಂದರು. ನವೆಂಬರಿನಲ್ಲಿ ಹಾಕಿಸಿದ ಟೈರು.

ಸೋಮವಾರ ಲ್ಯಾಬಿನಲ್ಲಿ ಬೆಂಗಳೂರಿನವನಿಗೆ ಹೇಳಿದೆ. “ನಂಗೆ ಬೇರು ಬಂದಿದೆಯಂತೆ ಕಣೋ.”

“ಬೇರಾ? ಗೊಬ್ಬರ ಏನ್ ಹಾಕಿದ್ರು?”

“ತಮಾಷೆ ಬೇಡ. ನಿಂತ್ಕೋತೀನಿ. ತಳ್ಳು.”

“ನಾನ್ಯಾಕೆ ತಳ್ಳಲಿ? ಆಮೇಲೆ ಹೆಚ್‌ಆರ್‌ಗೆ ಕಂಪ್ಲೇಂಟ್ ಕೊಡ್ತೀಯ.”

“ತಳ್ಳೋ ಅಂದ್ರೆ!”

ಅವನು ಒಂದು ಕೈಯಲ್ಲಿ ಟೀ ಕಪ್ಪು ಹಿಡಿದಿದ್ದ. ಇನ್ನೊಂದು ಕೈಯ ಎರಡು ಬೆರಳಿನಿಂದ ನನ್ನ ಭುಜ ನೂಕಿದ. ನಾನು ಹಿಂದೆ ಹೋಗಿ ಪ್ರಿಂಟರಿಗೆ ಬಡಿದೆ. ಪ್ರಿಂಟರು ಒಂದು ಖಾಲಿ ಹಾಳೆ ಹೊರಹಾಕಿತು.

“ಸಾರಿ ಸಾರಿ. ಪೆಟ್ಟಾಯ್ತಾ?” ಎಂದ. ಆಮೇಲೆ, “ಬೇರಲ್ಲ ಕಣೇ, ನಿಂಗೆ ಚಕ್ರ ಬಂದಿದೆ,” ಎಂದ. ನಾನು ನಕ್ಕೆ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ನಗು ಬರಲಿಲ್ಲ.

ಮುಂದಿನ ಶನಿವಾರ ಪಾಠ ಮುಗಿದು, ಉಳಿದವರು ಹೊರಗೆ ಮೆಟ್ಟಿಲ ಹಿಮ ಗುಡಿಸುತ್ತಿದ್ದಾಗ, ಸಭಾಭವನದ ಪುಟ್ಟ ಅಡುಗೆಮನೆಯಲ್ಲಿ ಹಿರಿಯಕ್ಕ ಟೀ ಬಟ್ಟಲು ತೊಳೆಯುತ್ತಿದ್ದರು. ನಾನು ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತೆ.

“ಚೆನ್ನಾಗಿ ನಿಂತೆ ಅವತ್ತು,” ಎಂದರು.

“ನಾನು ನಿಂತದ್ದಲ್ಲ. ಅವರ ಕೈಯಲ್ಲಿ ಏನೂ ಇರಲಿಲ್ಲ. ಬೀಳಬೇಡ ಅಂತ ಅವರೇ ಹೇಳಿದ್ದು.”

“ಗೊತ್ತು. ಕಾರಲ್ಲಿ ತಾನೇ? ಕಾಫಿ ಕೊಡಿಸಿದ್ರಾ?”

ನನ್ನ ಕೈ ನಿಂತಿತು.

“ಆಪರೇಷನ್ ಆದ ವರ್ಷ ನನ್ನನ್ನೂ ಕೇಳಿದ್ರು,” ಎಂದರು ಹಿರಿಯಕ್ಕ, ಬಟ್ಟಲನ್ನು ಬೆಳಕಿಗೆ ಹಿಡಿದು ನೋಡುತ್ತಾ. “ನಾನೂ ನಿಂತೆ. ನಿನ್ನ ಹಾಗೇ ಏಳೆಂಟು ವಾರ ನಿದ್ದೆ ಕೆಡಿಸ್ಕೊಂಡು. ಬೇರು ಬಂದಿದೆ ಅಂದ್ರು. ಚಪ್ಪಾಳೆ ಆಯ್ತು. ಆಮೇಲೆ ಒಂದು ವರ್ಷ ನನ್ನನ್ನ ಮುಟ್ಟಲಿಲ್ಲ. ಇಪ್ಪತ್ತೈದು ವರ್ಷ ಕಲಿತವಳನ್ನ, ಒಂದೇ ಒಂದು ಸಲ ಮುಟ್ಟಲಿಲ್ಲ. ಮುಂದಿನ ಹೊಸ ವರ್ಷ ಬಂತು, ಆ ದಿನ ಮುಟ್ಟಲೇಬೇಕಲ್ಲ. ಬಿದ್ದೆ. ಮರುವಾರ ಬಂದು ನನ್ನ ಬೆನ್ನು ತಿದ್ದಿದ್ರು.”

“ಹಾಗಾದ್ರೆ ಅವರಿಗೆ ಗೊತ್ತು.”

“ಗೊತ್ತಿರೋದು ಬೇರೆ, ಕೋಟು ಹಾಕ್ಕೊಳ್ಳೋದು ಬೇರೆ.”

ನನಗೆ ಸಿಟ್ಟು ಬಂತು. ಸೆನ್ಸೆಯ ಮೇಲಲ್ಲ, ಅವರೆಲ್ಲರ ಮೇಲೆ, ಆ ಸಭಾಭವನದ ಮೇಲೆ. ಜಪಾನೀ ಭಾಷೆಯಲ್ಲಿ ಸಿಟ್ಟು ಮಾಡಲು ನನಗೆ ಬರುತ್ತಿರಲಿಲ್ಲ. ಬಂದಷ್ಟು ಪದಗಳಲ್ಲಿ ಹೇಳಿದೆ. “ಹಾಗಾದ್ರೆ ಇಲ್ಲಿ ಯಾರಿಗೂ ಏನೂ ಬರಲ್ಲ. ಎಲ್ಲಾ ಸುಳ್ಳು. ಆ ಬಲ ಅನ್ನೋದೇ ಸುಳ್ಳು.”

ಹಿರಿಯಕ್ಕ ನಲ್ಲಿ ನಿಲ್ಲಿಸಿದರು. ಒದ್ದೆ ಕೈಯನ್ನು ನನ್ನ ಮೊಣಕೈಯ ಮೇಲೆ ಇಟ್ಟರು. ನೂಕಲಿಲ್ಲ, ಇಟ್ಟರು ಎಂದೇ ನನಗೆ ನೆನಪು. ಮರುಕ್ಷಣ ನನ್ನ ಹಿಮ್ಮಡಿ ನೆಲದಲ್ಲಿರಲಿಲ್ಲ. ಬೆನ್ನು ಫ್ರಿಜ್ಜಿಗೆ ತಾಗಿತ್ತು. ಎಡಗಾಲು ಮೊದಲಿಟ್ಟೆನೋ ಬಲಗಾಲೋ ಗೊತ್ತಿಲ್ಲ. ಕಾಲಿಡಲು ಯಾರೂ ನನ್ನನ್ನು ಕೇಳಿರಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟಲು ಹಿರಿಯಕ್ಕನ ಕೈಯಲ್ಲಿತ್ತು.

“ಇದು ಅವರದು,” ಎಂದರು. “ಅವರು ನನಗೆ ಕೊಟ್ಟಿದ್ದು. ಸುಳ್ಳು ಅನ್ನಬೇಡ.”

ಫ್ರಿಜ್ಜಿಗೆ ಒರಗಿದ ಹಾಗೆಯೇ ಕೇಳಿದೆ. “ನನಗೆ ಕಲಿಸ್ತೀರಾ? ಪ್ರಬಂಧ ಹೇಗೋ ಮುಗೀತು. ಮಾರ್ಚ್ ಕೊನೆಗೆ ಒಸಾಕಾಕ್ಕೆ ಹೋಗ್ತೀನಿ, ಕೆಲಸಕ್ಕೆ. ಅಷ್ಟರೊಳಗೆ. ಎಲ್ಲಿಗೆ ಬೇಕಾದ್ರೂ ಬರ್ತೀನಿ.”

“ಮೇಷ್ಟ್ರು ಹೊರಗಿದ್ದಾರಲ್ಲ,” ಎಂದರು ಹಿರಿಯಕ್ಕ. ನಲ್ಲಿ ಮತ್ತೆ ತಿರುಗಿಸಿದರು. “ಅವರಿರುವಾಗ ನಾನು ಕಲಿಸಲ್ಲ. ಬಟ್ಟಲು ಒರೆಸು.”

ಒಸಾಕಾದ ಬಾಡಿಗೆ ಕೋಣೆಯಲ್ಲಿ ಕೂತು ಇದನ್ನು ಬರೆಯುವಾಗಲೂ ನನ್ನ ಕಹಿ ಇರುವುದು ಇಲ್ಲಿಯೇ. ಮೇಷ್ಟ್ರು ಸುಳ್ಳುಗಾರರಾಗಿದ್ದರೆ ನಾನು ಮರೆತುಬಿಡುತ್ತಿದ್ದೆ. ಅವರ ವಿದ್ಯೆ ನಿಜ. ಅದು ಆ ಊರಿನಲ್ಲಿ ಒಬ್ಬರೇ ಒಬ್ಬರ ಮೈಯಲ್ಲಿ ಪೂರ್ತಿ ಇಳಿದಿದೆ. ಹಿರಿಯಕ್ಕ ಅದನ್ನು ಬೀಳಲು ಬಳಸುತ್ತಾರೆ. ಸೆನ್ಸೆಯ ಉಸಿರು ಹೊರಡುವ ಮೊದಲೇ ಅದನ್ನು ಮುಂಗೈಯಿಂದ ಕೇಳಿಸಿಕೊಂಡು, ಆ ಕ್ಷಣಕ್ಕೆ ಸರಿಯಾಗಿ, ಸದ್ದಿಲ್ಲದೆ, ಮೂರು ಹೆಜ್ಜೆ. ಹಾಗೆ ಬೀಳಲು ಇಪ್ಪತ್ತೈದು ವರ್ಷ ಕಲಿಯಬೇಕು. ನೋಡಿದವರಿಗೆ ಮಾತ್ರ ಅಂಚೆಯವರ ಬೀಳುವಿಕೆಯೇ ಹೆಚ್ಚು ಚೆನ್ನಾಗಿ ಕಾಣುತ್ತದೆ.

ಉಳಿದ ಶನಿವಾರಗಳಲ್ಲಿ ನಾನು ಒಂದನ್ನೂ ತಪ್ಪಿಸಲಿಲ್ಲ. ಹೊಸದಾಗಿ ನೋಡಲು ಬಂದವರಿಗೆ ಸೆನ್ಸೆ ನನ್ನನ್ನು ತೋರಿಸುತ್ತಿದ್ದರು. “ಇವಳು ಇಂಡಿಯಾದವಳು. ಬೇರು ಬಂದಿದೆ.” ನಾನು ಮರ ತಬ್ಬಿದ ಹಾಗೆ ಕೈ ಎತ್ತಿ ನಿಂತಿರುತ್ತಿದ್ದೆ. ಹಿಂದೆ ಅವರ ಹೆಜ್ಜೆಯ ಸದ್ದು ಬರುತ್ತಿತ್ತು. ನನ್ನ ಸೊಂಟ ಆ ಎರಡು ಬೆರಳಿಗಾಗಿ ಕಾಯುತ್ತಿತ್ತು. ಹೆಜ್ಜೆ ನನ್ನನ್ನು ದಾಟಿ ಮುಂದಿನವರ ಬಳಿ ನಿಲ್ಲುತ್ತಿತ್ತು. ಫೆಬ್ರವರಿಯಲ್ಲಿ ಒಮ್ಮೆ ನಾಚಿಕೆ ಬಿಟ್ಟು ಕೇಳಿದೆ. “ಸೆನ್ಸೆ, ನನ್ನ ಬೆನ್ನು ಸರಿಯಿದೆಯಾ? ಒಂದ್ಸಲ ನೋಡ್ತೀರಾ?”

ಐದಾರು ಅಡಿ ದೂರದಿಂದಲೇ ನಕ್ಕರು. “ಬೇರು ಬಂದವರ ಬೆನ್ನು ತಾನಾಗಿಯೇ ಸರಿಹೋಗುತ್ತೆ.”

ಡೈರಿಯಲ್ಲಿ ಆ ಹನ್ನೊಂದು ವಾರಗಳ ಕೊನೆಯ ಕಾಲಂನಲ್ಲಿ, ಮುಟ್ಟಿ ತಿದ್ದಿದ ಲೆಕ್ಕದಲ್ಲಿ, ಸೊನ್ನೆ ಇದೆ. ಬೀಳೋಣವೆಂದರೂ ಬೀಳಿಸುವ ಕೈ ಮೈಮೇಲೆ ಬರಬೇಕಲ್ಲ. ಹಿರಿಯಕ್ಕನಿಗೆ ಮುಂದಿನ ಹೊಸ ವರ್ಷವೊಂದಿತ್ತು. ನನಗೆ ಇರಲಿಲ್ಲ.

ಮಾರ್ಚ್ ಕೊನೆಯ ಶನಿವಾರ ನನ್ನನ್ನು ಬೀಳ್ಕೊಟ್ಟರು. ಅಂಚೆಯವರು ಅಕ್ಕಿ ಹಿಟ್ಟಿನ ಸಿಹಿ ತಂದಿದ್ದರು. ಹಿರಿಯಕ್ಕ ತಾವೇ ಗೆರೆ ಎಳೆದ ಒಂದು ಬಟ್ಟಲು ಕೊಟ್ಟರು. ಅಂಚಿನ ಸುತ್ತ ನೀಲಿ ಗೆರೆ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಕಾಣುವುದಿಲ್ಲ. ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ಸೆನ್ಸೆ ಗಂಟಲು ಸರಿಮಾಡಿಕೊಂಡು, ಹೊಸ ವರ್ಷಕ್ಕೆ ಹೇಳದೆ ಬಿಟ್ಟಿದ್ದ ಕಥೆಯನ್ನು ಈಗ ಹೇಳುತ್ತೇನೆ ಎಂದರು.

“ಕೋಬೆಯ ನನ್ನ ಗುರುಗಳಿಗೆ ವಯಸ್ಸಾಗಿತ್ತು. ಒಂದು ದಿನ ಹಡಗಿನ ಕೆಲಸಗಾರನೊಬ್ಬ ಸೇರಿದ. ಗುರುಗಳು ತಳ್ಳಿದ್ರು. ಅಲುಗಲಿಲ್ಲ. ಇನ್ನೊಂದು ಸಲ ತಳ್ಳಿದ್ರು. ಅಲುಗಲಿಲ್ಲ.” ಇಲ್ಲಿ ನಿಂತು, ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ನನ್ನ ಮುಖ ಬಂದಾಗ ಕಣ್ಣು ಬೇಗ ದಾಟಿತು. “ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು, ‘ನಿನಗೆ ಬೇರು ಬಂದಿದೆ. ನನ್ನ ಕೆಲಸ ಸಾರ್ಥಕ ಆಯ್ತು’ ಅಂದ್ರು. ಆಮೇಲೂ ತುಂಬಾ ವರ್ಷ ಕಲಿಸಿದ್ರು.”

ಆ ಕಥೆಯನ್ನು ನಾನು ಒಂದೇ ಸಲ ಕೇಳಿದ್ದೆ. ಅಂಚೆಯವರು ಹತ್ತೊಂಬತ್ತು ಸಲ ಕೇಳಿರಬೇಕು. ಹಿರಿಯಕ್ಕ ಅದಕ್ಕಿಂತ ಹೆಚ್ಚು. ಅದರಲ್ಲಿ ಕೋಟು ಇತ್ತು, ಬೀಗದಕೈ ಇತ್ತು, ಇಳಿದುಹೋದ ಮೆಟ್ಟಿಲು ಇತ್ತು. ನಾನು ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಒಬ್ಬರು “ಒಳ್ಳೆಯ ಕಥೆ,” ಎಂದರು.

“ಹೌದು, ಸೆನ್ಸೆ,” ಎಂದರು ಹಿರಿಯಕ್ಕ, ಅವರ ಬಟ್ಟಲಿಗೆ ಟೀ ಹಾಕುತ್ತಾ.

ಆಮೇಲೆ ನನ್ನ ಗೌರವಕ್ಕೆಂದು ಸೆನ್ಸೆ ಎಲ್ಲರನ್ನೂ ಇನ್ನೊಮ್ಮೆ ತಳ್ಳಿದರು, ನನ್ನೊಬ್ಬಳನ್ನು ಬಿಟ್ಟು. ನಾನು ಪಕ್ಕದಲ್ಲಿ ನಿಂತು ಹಿರಿಯಕ್ಕನ ಕಾಲನ್ನೇ ನೋಡಿದೆ. ಎಡಗಾಲು ಮೊದಲು ಹೋಯಿತು. ಸೆನ್ಸೆಯ ಮುಖದಲ್ಲಿ ಬೆಳಕು ಬಂತು.

ಎಲ್ಲ ಮುಗಿದು ಅವರು ಕೋಟು ಹಾಕಿಕೊಂಡರು, ಮನೆಗೆ ಹೋಗಲು. ಬಾಗಿಲಲ್ಲಿ ನನಗೆ ನಡು ಬಗ್ಗಿಸಿ, “ಒಸಾಕಾದಲ್ಲಿ ಬೇರು ಕಾಪಾಡ್ಕೋ,” ಎಂದರು. ಕಾರಿನ ಸದ್ದು ದೂರವಾದ ಮೇಲೆ ನಾನು ಮ್ಯಾಟು ತೆಗೆಯಲು ಹೋದೆ. ಕೊನೆಯ ದಿನವೆಂದು ಹಿರಿಯಕ್ಕ ಇನ್ನೊಂದು ತುದಿ ಹಿಡಿಯಲು ಬಂದರು.

“ಕಥೆ ಹಾಗಿರಲಿಲ್ಲ,” ಎಂದೆ.

“ಬಗ್ಗಿ ಎತ್ತು. ಉಗ್ರಾಣದ ಹತ್ತಿರ ಮೆಟ್ಟಿಲಿದೆ.”

“ಆ ಗುರುಗಳು ಕೋಟು ಹಾಕ್ಕೊಂಡು ಹೋಗಿದ್ರು. ನಿಮಗೂ ಗೊತ್ತು.”

ಹಿರಿಯಕ್ಕ ಮ್ಯಾಟಿನ ಆ ಕಡೆಯಿಂದ ನನ್ನನ್ನು ನೋಡಿದರು. ಮ್ಯಾಟಿನ ನಡುವೆ, ಇಷ್ಟು ವರ್ಷ ಬೆನ್ನುಗಳು ಬಡಿದ ಜಾಗದಲ್ಲಿ, ನೀಲಿ ಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು.

“ನೀನು ಮುಂದೆ ನಡಿ,” ಎಂದರು. “ನಾನು ಹಿಂದಕ್ಕೆ ನಡೆಯೋದು ಸಾಕು ಇವತ್ತಿಗೆ.”